ಮುಳ್ಳು ತೋರಿಸಿದ ನಾದ

ತಂತಿ ಕಡಿದಿತ್ತು. ಸ್ಪೀಕರಿನ ಪೆಟ್ಟಿಗೆಯ ಬೆನ್ನಹಲಗೆಯ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ, ಒಳಗಿನಿಂದ ರಪ್ಪನೆ ಮುಖಕ್ಕೆ ಹೊಡೆದ ಇಲಿಯ ನಾತಕ್ಕೆ ಉಸಿರು ಬಿಗಿಹಿಡಿದು, ಹತ್ತಿಯ ಉಂಡೆ, ಚಿಂದಿ ಕಾಗದ, ಜೋಳದ ಸಿಪ್ಪೆಗಳನ್ನೆಲ್ಲ ಗೋರಿ ಹೊರಗೆ ಹಾಕಿದ ಮೇಲೆ ಅದು ದಿನಕರನ ಕಣ್ಣಿಗೆ ಬಿತ್ತು. ಪೆಟ್ಟಿಗೆಯೊಳಗೆ ಎರಡು ಸ್ಪೀಕರುಗಳು. ಕೆಳಗೆ ತಟ್ಟೆಯಗಲದ ದೊಡ್ಡದು, ಮೇಲೆ ಅಂಗೈಯಗಲದ ಸಣ್ಣದು. ದಪ್ಪ ನಾದಗಳು ದೊಡ್ಡದರಿಂದ ಬರಬೇಕು, ಚೂಪಾದವು ಸಣ್ಣದರಿಂದ. ಆ ಸಣ್ಣದಕ್ಕೆ ಹೋಗುವ ಕೆಂಪು ತಂತಿಯನ್ನು ಇಲಿ ನಡುವೆ ಕತ್ತರಿಸಿಹಾಕಿತ್ತು. ಎರಡು ತುದಿಗಳೂ ಒಂದಕ್ಕೊಂದು ಸಂಬಂಧವಿಲ್ಲದವರ ಹಾಗೆ ಜೋತುಬಿದ್ದಿದ್ದವು. ತಾಮ್ರದ ಎಳೆಗಳು ಕಪ್ಪುಗಟ್ಟಿದ್ದವು. ಹೊಸದಾಗಿ ಕಡಿದ ತಾಮ್ರ ಹೀಗಿರುವುದಿಲ್ಲ ಎಂದು ಅವನಿಗೆ ತಕ್ಷಣ ಅನಿಸಿತು. ಅನಿಸಿದ್ದನ್ನು ಅಷ್ಟೇ ಬೇಗ ದೂರ ತಳ್ಳಿದ. ಹೋದ ವಾರ ಕಡಿದಿರಬೇಕು. ಊರ ತುಂಬ ಕಾಳಿನ ಅಂಗಡಿಗಳು, ಇಲಿಗಳಿಗೇನು ಬರ? ನರ್ಮದಾ ನಾತ ಬರುತ್ತದೆಂದು ಹೇಳತೊಡಗಿದ್ದೂ ಈಚೆಗಷ್ಟೇ. ಆದರೆ ನಾತಕ್ಕೂ ಮೊದಲೇ ಇಲಿ ಬಂದಿರುತ್ತದಲ್ಲ ಎಂದು ಒಳಗಿನಿಂದ ಇನ್ನೊಂದು ದನಿ, ತರಗತಿಯಲ್ಲಿ ದಡ್ಡ ಹುಡುಗನನ್ನು ಎಬ್ಬಿಸಿ ನಿಲ್ಲಿಸುವ ಅವನದೇ ದನಿ, ತಾಳ್ಮೆಯಿಂದ ಕೇಳಿತು. ಅಡಿಗೆಮನೆಯಲ್ಲಿ ನರ್ಮದಾ ರೊಟ್ಟಿ ಬಡಿಯುವ ಸಪ್ಪಳ ಒಂದೇ ಲಯದಲ್ಲಿ ನಡೆದಿತ್ತು. ರವಿವಾರ ಬೆಳಿಗ್ಗೆ. ಗದಗಿನ ಕಾಲೇಜಿಗೆ ಹೋಗುವ ರೈಲು ಹಿಡಿಯಬೇಕಾದ ಅವಸರವಿಲ್ಲ. ಅವನು ತುಂಡು ತಂತಿಯನ್ನು ಬೆರಳಲ್ಲಿ ಹಿಡಿದು ಕೂತೇ ಇದ್ದ.

ಆ ಪೆಟ್ಟಿಗೆಯ ಮೇಲೆ ಅವನಿಗೆ ಎಂದೂ ಸಂಶಯ ಬಂದಿರಲಿಲ್ಲ. ಅಳ್ನಾವರದಿಂದ ತರಿಸಿದ ಸಾಗವಾನಿ, ಎದುರಿಗೆ ನಿಂತು ಮಾಡಿಸಿದ ಕೆಲಸ. ಬಟ್ಟೆ ಬಿಗಿದು, ಪಾಲಿಶ್ ಹೊಡೆಸಿ, ಪಡಸಾಲೆಯ ಮೂಲೆಯಲ್ಲಿಟ್ಟ ಮೇಲೆ ಅದು ದೇವರ ಪೆಟ್ಟಿಗೆಯ ಹಾಗೆ ಅಲ್ಲಿಯೇ ಉಳಿದಿತ್ತು. ಅವನ ಸಂಶಯವೆಲ್ಲ ಆಂಪ್ಲಿಫಾಯರಿನ ಮೇಲೆ. ಅದನ್ನು ಕೈಯಾರೆ ಕಟ್ಟಿದ್ದ. ಬಲ್ಬಿನಂಥ ವಾಲ್ವುಗಳನ್ನು ಬದಲಿಸಿ ಬದಲಿಸಿ, ಕಾಲೇಜಿನ ಲ್ಯಾಬಿನಿಂದ ಮೀಟರು ತಂದು, ಒಳಗೆ ಹೋದದ್ದು ಹೊರಗೆ ಹಾಗೆಯೇ ಬರುತ್ತದೋ ಇಲ್ಲವೋ ಎಂದು ಅಳೆದು ಅಳೆದು, ಕೊನೆಗೆ ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲವೆಂದು ಖಾತ್ರಿಯಾದ ದಿನ ನರ್ಮದಾಳನ್ನು ಕರೆದು ಮೀಟರಿನ ಮುಳ್ಳು ತೋರಿಸಿದ್ದ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಮುಳ್ಳನ್ನೂ ಅವನ ಮುಖವನ್ನೂ ನೋಡಿ, "ಛಲೋ ಆತಲ್ರಿ," ಎಂದಿದ್ದಳು. ಅವಳಿಗೆ ತಿಳಿಯಿತೋ ಇಲ್ಲವೋ ಅವನು ಕೇಳಿರಲಿಲ್ಲ.

ಅಮೋಘಸಿದ್ದಪ್ಪ ಬಂದದ್ದು ಆಮೇಲೆ. ಅಣ್ಣಿಗೇರಿಯ ಪೇಟೆಯಲ್ಲಿ ದೊಡ್ಡ ದಲಾಲಿ ಅಂಗಡಿ ಅವನದು. ಮನೆಗೊಂದು ಹಾಡಿನ ಸೆಟ್ಟು ಕೊಳ್ಳುವ ಹುಚ್ಚು ಹತ್ತಿತ್ತು. ಹೋದ ಬೇಸಿಗೆಯ ಒಂದು ಸಂಜೆ ಅವನು ಪಡಸಾಲೆಯ ಕುರ್ಚಿಯಲ್ಲಿ ತುಂಬಿಕೊಂಡು ಕೂತು, "ಸರ, ನೀವು ಸೈನ್ಸ್ ಓದಿದವ್ರು. ನನಗ ಒಂದ ಮಾತು ಹೇಳ್ರಿ. ರೆಕಾರ್ಡಿನ ತಬಕು ತಿರಗೂದು, ಅದರ ಮುಳ್ಳು, ಆಂಪ್ಲಿಫಾಯರು, ಸ್ಪೀಕರು ಅಂತ ಇಷ್ಟೆಲ್ಲಾ ಅದಾವ. ಇದರಾಗ ಯಾವದನ್ನ ಪರೀಕ್ಷಾ ಮಾಡಿ ತಗೋಬೇಕು, ಯಾವದನ್ನ ಕಣ್ಣು ಮುಚ್ಚಿ ತಗೋಬಹುದು?" ಎಂದು ಕೇಳಿದ್ದ. ಅಂಥ ಪ್ರಶ್ನೆಗಾಗಿ ದಿನಕರ ವರ್ಷಗಟ್ಟಲೆ ಕಾದಿದ್ದವನಂತೆ ಮಾತಾಡಿದ್ದ. ಪರೀಕ್ಷೆ ಬೇಕಾದದ್ದು ಆಂಪ್ಲಿಫಾಯರಿಗೆ. ಇಲ್ಲದ್ದನ್ನು ಸೇರಿಸುವುದು, ಇದ್ದದ್ದನ್ನು ನುಂಗುವುದು ಅದೇ. "ಸ್ಪೀಕರಿಂದೇನದ? ಕಟ್ಟಿಗಿ, ಕಾಗದ. ಏನು ಕೊಡ್ತೀರಿ ಅದನ್ನ ಒದರತದ." ಅಂದ ಮಾತು ಈಗ ತನ್ನ ಬಾಯಿಯ ಆಕಾರದ ಸಮೇತ ಅವನಿಗೆ ನೆನಪಾಯಿತು. ಅಳೆಯಲು ಸುಲಭವಾದದ್ದನ್ನೆಲ್ಲ ಅಳೆದಿದ್ದ. ಅಳೆಯಲು ಕಷ್ಟವಾದದ್ದನ್ನು ನಂಬಿದ್ದ.

ಆ ಸಂಜೆ ಅವನ ಮಾವ ಏಕನಾಥರಾಯರೂ ಬಂದಿದ್ದರು. ನರ್ಮದಾಳ ತಂದೆ. ಹೈಸ್ಕೂಲಿನಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಗುರುವಾರ ದತ್ತನ ಗುಡಿಯ ಭಜನೆಗೆ ಅವರ ಹಾರ್ಮೋನಿಯಂ ಇಲ್ಲದಿದ್ದರೆ ಮಂದಿ ತಾಳವನ್ನೇ ಎತ್ತುತ್ತಿರಲಿಲ್ಲ. ಅವರ ಜೊತೆಗೆ ಶಮೀಮಾಬಿ ಬಂದಿದ್ದಳು. ಉರ್ದು ಶಾಲೆಯಲ್ಲಿ ಕಲಿಸುತ್ತಿದ್ದ, ಬಿಡುವಿನಲ್ಲಿ ರಾಯರ ಹತ್ತಿರ ಹಾಡು ಕಲಿಯುತ್ತಿದ್ದ, ಮಾತು ಕಡಿಮೆಯ ಹೆಂಗಸು. ದಿನಕರ ರೆಕಾರ್ಡು ಹಚ್ಚಿದ. ಎಲ್ಲರೂ ತಲೆದೂಗಿದರು. ಅಮೋಘಸಿದ್ದಪ್ಪ ತೊಡೆ ತಟ್ಟಿದ. ರಾಯರು ಮಾತ್ರ ಕತ್ತು ಓರೆ ಮಾಡಿ ಯಾವುದನ್ನೋ ಹುಡುಕುತ್ತಿರುವವರಂತೆ ಕೂತು, ಹಾಡು ಮುಗಿದ ಮೇಲೆ ಸಂಕೋಚದಿಂದಲೇ ಹೇಳಿದರು.

"ದಿನಕರರಾಯರ, ತಪ್ಪು ತಿಳೀಬ್ಯಾಡ್ರಿ. ಪೆಟಗಿ ಯಾಕೋ ಮಂಕಾಧಂಗ ಅನಸ್ತದ. ತಂಬೂರಿ ಅದ, ಆದ್ರ ಅದರ ಝೇಂಕಾರ ಇಲ್ಲ. ಕಂಬಳಿ ಹೊಚ್ಚಿಧಂಗ ಅದ."

ಅದನ್ನವರು ಮೆಲ್ಲಗೆ, ಅಳಿಯನಿಗೆ ಕೊಡಬೇಕಾದ ಮರ್ಯಾದೆಯನ್ನೆಲ್ಲ ಕೊಟ್ಟೇ ಹೇಳಿದ್ದರು. ಬೇರೆ ಯಾವ ದಿನವಾದರೂ ದಿನಕರ ನಕ್ಕು ಬಿಡುತ್ತಿದ್ದನೇನೋ. ಆದರೆ ಅಮೋಘಸಿದ್ದಪ್ಪ ಆಂಪ್ಲಿಫಾಯರಿನತ್ತ ಒಂದು ಸಲ, ದಿನಕರನತ್ತ ಒಂದು ಸಲ, ಕಾಳಿನ ಚೀಲಕ್ಕೆ ಕೈಹಾಕಿ ಮಾದರಿ ನೋಡುವವನ ಕಣ್ಣಿನಿಂದ ನೋಡಿದ. ಅಷ್ಟು ಸಾಕಾಯಿತು. "ಮಾಮಾ, ಪೆಟಗಿ ಮಂಕಾಗಿಲ್ಲ. ಅಳದು ತೋರಸ್ತೀನಿ, ಬರ್ರಿ," ಎಂದು ಎದ್ದ. ಲ್ಯಾಬಿನಿಂದ ತಂದ ಆಸಿಲೇಟರನ್ನು ಜೋಡಿಸಿದ. ಗುಂಡಿ ತಿರುವಿದಂತೆ ಒಂದೇ ನಾದ ಕೆಳಗಿನಿಂದ ಮೇಲೆ ಏರುತ್ತ ಹೋಗುವ ಯಂತ್ರ ಅದು. ಆಂಪ್ಲಿಫಾಯರಿನ ಬಾಯಿಗೆ ಮೀಟರು ಹಚ್ಚಿದ. ನಾದ ಕೇಳಿಸುತ್ತಿರುವತನಕ ಕೈ ಎತ್ತಿರಬೇಕು, ನಿಂತಾಗ ಇಳಿಸಬೇಕು ಎಂದು ಎಲ್ಲರಿಗೂ ಹೇಳಿದ. ಎಲ್ಲರೂ ಶಾಲೆಯ ಮಕ್ಕಳ ಹಾಗೆ ಕೈ ಎತ್ತಿದರು. ಬಾಗಿಲಲ್ಲಿ ನಿಂತಿದ್ದ ನರ್ಮದಾ ಕೂಡ. ನಾದ ಕೋಣದ ಗುಟುರಿನಿಂದ ಹೊರಟು, ಶಂಖವಾಗಿ, ಸಿಳ್ಳೆಯಾಗಿ ಏರಿತು. ಆಮೇಲೆ ರಾಯರ ಕೈ ಇಳಿಯಿತು. ಉಳಿದವರ ಕೈಗಳು ಗಾಳಿಯಲ್ಲಿ ತುಸು ಅಲುಗಾಡಿದವು. ದಿನಕರ ಮುಳ್ಳನ್ನು ನೋಡಿದ. ಅದು ತನ್ನ ಜಾಗ ಬಿಟ್ಟು ಕದಲಿರಲಿಲ್ಲ.

"ಕೇಳಸ್ತದಲ್ಲ?" ಎಂದು ಅವನು ಒಬ್ಬೊಬ್ಬರ ಮುಖ ನೋಡಿದ.

"ಹೌದ್ರಿ ಸರ, ಅಗದಿ ಸಣ್ಣಗ," ಎಂದ ಅಮೋಘಸಿದ್ದಪ್ಪ. ಶಮೀಮಾಬಿ ತಲೆ ಬಗ್ಗಿಸಿಕೊಂಡು "ಹೂನ್ರಿ," ಎಂದಳು. ನರ್ಮದಾ ಏನೂ ಅನ್ನಲಿಲ್ಲ. ಅವಳ ಕೈ ಮಾತ್ರ ಮೇಲೆಯೇ ಇತ್ತು.

"ಮಾಮಾ, ನಿಮಗ?"

"ಇಲ್ಲ. ನಿಂತು ಹೋತಲ್ಲ?"

"ನಿಂತಿಲ್ರಿ. ಮುಳ್ಳು ನೋಡ್ರಿ ಬೇಕಾದ್ರ."

ರಾಯರು ಎದ್ದರು. ಜೇಬಿನಿಂದ ಚಾಳೀಸು ತೆಗೆದು, ಧೋತರದ ತುದಿಯಿಂದ ಒರೆಸಿ, ಹಾಕಿಕೊಂಡು, ಮೀಟರಿನ ಮೇಲೆ ಬಾಗಿದರು. ಒಂದು ನಾದ ಇದೆಯೋ ಇಲ್ಲವೋ ಎಂದು ಅವರು ಕಣ್ಣಿನಿಂದ ನೋಡುತ್ತಿದ್ದರು. ಬಹಳ ಹೊತ್ತು ನೋಡಿ, "ಹೌದು. ಮುಳ್ಳು ನಿಂತದ," ಎಂದರು. ಆಗ ದಿನಕರ ತನ್ನ ತರಗತಿಯ ದನಿಯಲ್ಲಿ, ಬಹಳ ಮೆತ್ತಗೆ, ಮೆತ್ತಗಿರುವುದು ತನ್ನ ದೊಡ್ಡತನವೆಂದು ಒಳಗೊಳಗೇ ಅನ್ನಿಸಿಕೊಳ್ಳುತ್ತ, "ವಯಸ್ಸಾದ ಮ್ಯಾಲ ಎಲ್ಲಾರಿಗೂ ಹಿಂಗ ಆಗತದ ಮಾಮಾ. ಅದರಾಗ ಬೇಜಾರ ಮಾಡಿಕೊಳ್ಳೂದೇನಿಲ್ಲ," ಎಂದ. ಅಮೋಘಸಿದ್ದಪ್ಪ ಕೋಣೆಯನ್ನು ಹಗುರಗೊಳಿಸುವ ಜವಾಬ್ದಾರಿ ತನ್ನದೆಂಬಂತೆ, "ಊಟಕ್ಕ ಕರದದ್ದು ಕೇಳಿಸಿದ್ರ ಸಾಕ ಬಿಡ್ರಿ ಮಾಸ್ತರ್ರ!" ಎಂದು ನಕ್ಕ. ಎಲ್ಲರೂ ನಕ್ಕರು. ರಾಯರೂ ನಕ್ಕರು, ಉಳಿದವರದು ಮುಗಿಯುವ ಹೊತ್ತಿಗೆ.

ಮುಂದಿನ ಗುರುವಾರ ಅವರು ದತ್ತನ ಗುಡಿಗೆ ಹೋಗಲಿಲ್ಲ. ಮೈಯಲ್ಲಿ ನೆಟ್ಟಗಿಲ್ಲವೆಂದರು. ಅದರ ಮುಂದಿನ ಗುರುವಾರ ಯಾರೂ ಕೇಳಲಿಲ್ಲ. ಶಮೀಮಾಬಿ ನರ್ಮದಾಳ ಹತ್ತಿರ ಬಂದು, ಹೊಸ್ತಿಲ ಹೊರಗೇ ನಿಂತು, ಮಾಸ್ತರರು ಇನ್ನು ಬರಬೇಡವೆಂದರು, ಸ್ವರ ತಪ್ಪಿದರೆ ತನಗೇ ತಿಳಿಯುವುದಿಲ್ಲ, ತಿಳಿಯದವನು ಕಲಿಸಬಾರದು ಅಂದರು ಎಂದು ಹೇಳಿ ಹೋದಳು. ಹಾರ್ಮೋನಿಯಂ ಹಳೆಯ ಸೀರೆಯ ಗವಸು ಹಾಕಿಸಿಕೊಂಡು ಅಟ್ಟ ಸೇರಿತು. ರಾಯರ ಜೊತೆಯಲ್ಲಿದ್ದ ಅಕ್ಕ ಭೀಮಾಬಾಯಿ, ಗಂಡ ಸತ್ತಾಗಿನಿಂದ ತಮ್ಮನ ಮನೆಯನ್ನೇ ನಡೆಸಿಕೊಂಡು ಬಂದವಳು, ಸುದ್ದಿ ಕೇಳಿದ ದಿನದಿಂದ ಒದರಿಯೇ ಮಾತಾಡತೊಡಗಿದಳು. ಏಕಾ, ಚಾ ತಣ್ಣಗಾಗತದೋ! ಏಕಾ, ನೀರು ಕಾದಾವೋ! ಓಣಿಯ ಮಂದಿಯೂ ರಾಯರ ಕಿವಿಯ ಹತ್ತಿರ ಬಾಯಿ ತಂದು ಮಾತಾಡುವುದನ್ನು ಕಲಿತರು. ವಿಚಿತ್ರವೆಂದರೆ ರಾಯರು ಕಿವುಡರಾಗುತ್ತಲೇ ಹೋದರು. ಮಾತಾಡಿದರೆ "ಆಂ?" ಎನ್ನುವರು. ಕೇಳಿಸಿದ್ದು ಅವರ ಮುಖದಲ್ಲಿ ಕಂಡರೂ, ಕೇಳಿಸಿದ್ದನ್ನೇ ನಂಬದವರ ಹಾಗೆ ಇನ್ನೊಮ್ಮೆ "ಆಂ?" ಎನ್ನುವರು. ದಿನಕರ ಅದನ್ನು ಗಮನಿಸಿದ್ದ. ತನ್ನ ಮೀಟರು ಸರಿಯಾಗಿ ಹೇಳಿತ್ತೆಂಬುದಕ್ಕೆ ಅದೂ ಒಂದು ಸಾಕ್ಷಿಯೆಂದು ತಿಳಿದಿದ್ದ. ಹಬ್ಬಕ್ಕೆ ಹೋದಾಗ ಅವನೂ ದೊಡ್ಡ ದನಿಯಲ್ಲಿ, "ಆರಾಮ ಇದ್ದೀರಿ ಮಾಮಾ?" ಎಂದು ಒದರಿದ್ದ.

ಈಗ ಅವನ ಬೆರಳಲ್ಲಿ ಕಪ್ಪುಗಟ್ಟಿದ ತಾಮ್ರ. ಅವತ್ತು ತನಗೆ ಆ ನಾದ ಕೇಳಿಸಿತ್ತೇ? ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. ಮುಳ್ಳು ನೆನಪಾಯಿತು. ಗುಂಡಿಯ ಮೇಲಿನ ಬಿಳಿ ಗೆರೆ, ರಾಯರ ಕೈ ಇಳಿದದ್ದು, ಎದೆಯೊಳಗೆ ಎದ್ದ ಕೊಳಕು ಖುಷಿ, ಎಲ್ಲ ನೆನಪಾಯಿತು. ನಾದ ನೆನಪಾಗಲಿಲ್ಲ. ಹಾಗಿದ್ದರೂ ಅವತ್ತು ಯಾರಾದರೂ ನ್ಯಾಯಾಲಯದಲ್ಲಿ ನಿಲ್ಲಿಸಿ ಕೇಳಿದ್ದರೂ ಕೇಳಿಸಿತ್ತೆಂದೇ ಹೇಳುತ್ತಿದ್ದ, ಸುಳ್ಳು ಹೇಳುತ್ತಿದ್ದೇನೆಂದು ಗೊತ್ತಿಲ್ಲದೆಯೇ. ಅವನು ಎದ್ದು ಸೋಲ್ಡರಿನ ಕಡ್ಡಿ ಕಾಯಿಸಿದ. ಕಪ್ಪು ಎಳೆಗಳನ್ನು ಬ್ಲೇಡಿನಿಂದ ಹೆರೆದು, ಕೂಡಿಸಿ, ಬೆಸೆದ. ಹಲಗೆಯನ್ನು ಹಾಕಲಿಲ್ಲ. ಆಸಿಲೇಟರನ್ನು ಕಪಾಟಿನಿಂದ ಇಳಿಸಿ ಜೋಡಿಸಿ, ಗುಂಡಿಯನ್ನು ಅವತ್ತು ರಾಯರ ಕೈ ಇಳಿದ ಜಾಗ ದಾಟಿಸಿ ತಿರುವಿದ.

ಸೂಜಿಯಿಂದ ಕಿವಿ ಚುಚ್ಚಿದ ಹಾಗಾಯಿತು. ಗೋಡೆಯ ಮೇಲಿನ ಹಲ್ಲಿ ಸರಕ್ಕನೆ ಓಡಿತು. ನರ್ಮದಾ ಹಿಟ್ಟಿನ ಕೈಗಳನ್ನು ಕಿವಿಗೆ ಒತ್ತಿಕೊಂಡೇ ಒಳಗಿನಿಂದ ಓಡಿಬಂದಳು. "ಏನ್ರಿ ಅದು! ಬಂದ್ ಮಾಡ್ರಿ ಮೊದಲ!" ಅವನು ಬಂದ್ ಮಾಡಿದ. ಬಂದ್ ಮಾಡಿದ ಮೇಲೂ ನಾದ ಪಡಸಾಲೆಯಲ್ಲಿ ನಿಂತೇ ಇರುವಂತಿತ್ತು. ಅವಳು ತೆರೆದ ಪೆಟ್ಟಿಗೆ ನೋಡಿದಳು, ನೆಲದ ಮೇಲಿನ ಇಲಿಯ ಕಸ ನೋಡಿದಳು, ಯಂತ್ರವನ್ನು ನೋಡಿದಳು. ಅವಳ ಕೆನ್ನೆಯ ಮೇಲೆ ಜೋಳದ ಹಿಟ್ಟು ಬೆರಳುಗಳ ಆಕಾರದಲ್ಲಿ ಅಂಟಿತ್ತು.

"ಇದು ಆ ನಾದ ಏನ್ರಿ? ಅಪ್ಪಗ ಹಚ್ಚಿದ್ದು?"

"ಹೌದು."

"ಅವತ್ತು ಇದು ಬಂದಿರಲಿಲ್ಲ."

ಸುಮ್ಮನಿದ್ದು ಮುಗಿಯುವ ಮಾತು ಅದಲ್ಲವೆಂದು ದಿನಕರನಿಗೆ ಗೊತ್ತಾಗಿ, ಸಿಟ್ಟಿನ ಸಹಾಯ ತೆಗೆದುಕೊಂಡು, "ನೀ ಕೈ ಎತ್ತಿದ್ದಿ. ಕೇಳಸಲಿಲ್ಲಂದ್ರ ಯಾಕ ಎತ್ತಿದಿ?" ಎಂದ.

ನರ್ಮದಾ ಕೈಯ ಹಿಟ್ಟನ್ನು ಬೆರಳಿನಿಂದ ಬೆರಳಿಗೆ ಉಜ್ಜಿ ಉದುರಿಸುತ್ತ ನಿಂತಳು. "ನೀವು ನನ್ನ ಮಾರಿ ನೋಡಿದ್ರಿ," ಎಂದಳು ಆಮೇಲೆ. "ಎಲ್ಲಾರ ಮುಂದ. ನಾ ಕೈ ಇಳಿಸಿದ್ರ ನಿಮ್ಮ ಮಾನ ಹೋಗ್ತಿತ್ತು. ಅಪ್ಪ ವಯಸ್ಸಾದವರು, ಖರೇನ ಕಿವಿ ಮಂದ ಆಗಿರಬೇಕು, ನನಗೂ ಯಾಕೋ ಕೇಳಸವಲ್ದು ಅಂದುಕೊಂಡೆ." ಅವನ ಕಣ್ಣನ್ನು ಬಿಟ್ಟು ಪೆಟ್ಟಿಗೆಯೊಳಗೆ ನೋಡುತ್ತ, "ನಿಮಗ ಕೇಳಿಸಿತ್ತೇನು?" ಎಂದು ಕೇಳಿದಳು. ಒಲೆಯ ಮೇಲೆ ರೊಟ್ಟಿ ಸೀದ ವಾಸನೆ ಬಂತು. ಅವಳು ಒಳಗೆ ಹೋದಳು. ಉತ್ತರ ಕೊಡುವುದರಿಂದ ಪಾರಾದೆನೆಂದು ಅವನ ಎದೆಯ ಭಾರ ಇಳಿಯಿತು. ಸೀದ ರೊಟ್ಟಿಗೆ ಕೃತಜ್ಞನಾಗಿ ನಿಂತಿದ್ದೇನೆಂದು ಅರಿವಾದಾಗ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಹೇಳಬೇಕು. ಇದರಲ್ಲಿ ಎರಡು ಮಾತಿರಲಿಲ್ಲ. ಆದರೆ ಸೋಮವಾರ ರೈಲಿನ ಕಿಟಕಿಯಲ್ಲಿ ಕರಿ ಎರೆಹೊಲಗಳು ಸರಿದು ಹೋಗುವಾಗ ಹೇಳುವ ಮಾತುಗಳನ್ನು ಜೋಡಿಸುತ್ತ ಕೂತರೆ, ಪ್ರತಿಯೊಂದು ವಾಕ್ಯವೂ ಇಲಿಯಿಂದ ಶುರುವಾಗಿ ಇಲಿಯಲ್ಲಿಯೇ ಮುಗಿಯುತ್ತಿತ್ತು. ಇಲಿ ಕಡಿಯಿತು. ಇಲಿ ಕಡಿದದ್ದು ಗೊತ್ತಾಗಲಿಲ್ಲ. ಅದರಲ್ಲಿ ತಾನು ಎಲ್ಲಿಯೂ ಬರುತ್ತಿರಲಿಲ್ಲ. ಹೇಳಿದರೆ ಅಮೋಘಸಿದ್ದಪ್ಪನಿಗೆ ತಿಳಿಯುತ್ತದೆ, ಪೇಟೆಗೆ ತಿಳಿಯುತ್ತದೆ, ಕಾಲೇಜಿನ ಸ್ಟಾಫ್ ರೂಮಿನಲ್ಲಿ ಯಾರಾದರೂ ಚಾ ಕುಡಿಯುತ್ತ ಇಲಿಯ ಸುದ್ದಿ ತೆಗೆಯುತ್ತಾರೆ. ಇನ್ನೊಂದು ವಿಚಾರವೂ ಬಂತು, ಬಂದದ್ದು ಕರುಣೆಯ ವೇಷದಲ್ಲಿ: ಮುದುಕರು ಈಗ ಹೊಂದಿಕೊಂಡಿದ್ದಾರೆ, ಮತ್ತೆ ಯಾಕೆ ಕಲಕಬೇಕು? ಮನೆಯಲ್ಲಿ ನರ್ಮದಾ ಆ ಮಾತು ಮತ್ತೆ ಎತ್ತಲಿಲ್ಲ. ರೇಡಿಯೋ ಹಚ್ಚುವುದನ್ನು ಮಾತ್ರ ಬಿಟ್ಟಳು. ಊಟಕ್ಕೆ ಬಡಿಸುವಾಗ ಅವಳ ಬಳೆಗಳ ಸದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅಷ್ಟು ಸಣ್ಣ ಸದ್ದು ಕೇಳಿಸುವ ಕಿವಿ ಅವತ್ತು ಎಲ್ಲಿ ಹೋಗಿತ್ತು?

ಕೊನೆಗೆ ಒಂದು ಸಂಜೆ ರೈಲು ಇಳಿದವನು ಮನೆಯ ದಾರಿ ಬಿಟ್ಟು ಮಾವನ ಓಣಿಗೆ ಹೊರಳಿದ. ದನಗಳು ಮನೆಗೆ ಬರುವ ಹೊತ್ತು. ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದ ಭೀಮಾಬಾಯಿ ಅವನನ್ನು ಕಂಡವಳೇ ಸೆರಗು ಸರಿಮಾಡಿಕೊಂಡು, ಒಳಗೆ ತಿರುಗಿ, "ಏಕಾ, ಅಳಿಯಂದಿರು ಬಂದಾರೋ!" ಎಂದು ಓಣಿಯೆಲ್ಲ ಕೇಳುವಂತೆ ಒದರಿದಳು. ರಾಯರು ಕಂಬಕ್ಕೆ ಒರಗಿ ಕೂತಿದ್ದರು. ಮುಂದೆ ಏನೂ ಇರಲಿಲ್ಲ. ಪುಸ್ತಕವಿಲ್ಲ, ವಾದ್ಯವಿಲ್ಲ. ಬೆರಳುಗಳು ಮಾತ್ರ ಮೊಣಕಾಲ ಮೇಲೆ ಯಾವುದೋ ತಾಳದ ಗತಿಗೆ ಆಡುತ್ತಿದ್ದವು. ಅವನನ್ನು ಕಂಡು ನಿಂತವು.

"ಮಾಮಾ, ಒಂದು ಮಾತು ಹೇಳೂದಿತ್ತು," ಎಂದು ದಿನಕರ ರೂಢಿಯಂತೆ ದನಿ ಎತ್ತರಿಸಿದ.

"ಸಾವಕಾಶ ಹೇಳ್ರಿ. ಹತ್ತಿರ ಕೂತ್ರ ಕೇಳಸ್ತದ."

ಅವನು ಕೂತು ಹೇಳಿದ. ಇಲಿಯಿಂದಲೇ ಶುರುಮಾಡಿದ. ತಂತಿ, ಸಣ್ಣ ಸ್ಪೀಕರು, ಮೀಟರು ಹಚ್ಚಿದ್ದ ಜಾಗ. ಮುಳ್ಳು ತೋರಿಸಿದ್ದು ಆಂಪ್ಲಿಫಾಯರಿನಿಂದ ಹೊರಟದ್ದನ್ನು, ಪೆಟ್ಟಿಗೆಯಿಂದ ಹೊರಗೆ ಬಂದದ್ದನ್ನಲ್ಲ. ಹೇಳುತ್ತ ಹೇಳುತ್ತ ತಾನು ಪಾಠ ಮಾಡುತ್ತಿದ್ದೇನೆಂದು ಗೊತ್ತಾಗಿ ನಡುವೆ ನಿಲ್ಲಿಸಿದ. ರಾಯರು ಚಾಳೀಸು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಅದಿಲ್ಲದ ಕಣ್ಣುಗಳು ಆಗಷ್ಟೇ ನಿದ್ದೆಯಿಂದ ಎದ್ದವರ ಕಣ್ಣುಗಳ ಹಾಗೆ ಕಂಡವು.

"ಅಂದ್ರ ಅವತ್ತು ನಾದಾನ ಬಂದಿರಲಿಲ್ಲ."

"ಬಂದಿರಲಿಲ್ರಿ."

"ನಿಮಗ ಕೇಳಿಸಿತ್ತೇನು?"

ಈ ಸಲ ಸೀಯುವ ರೊಟ್ಟಿಯಿರಲಿಲ್ಲ. "ಇಲ್ರಿ," ಎಂದ.

"ಅಮೋಘಸಿದ್ದಪ್ಪಗ?"

"ಇಲ್ರಿ. ನನ್ನ ಮುಲಾಜಿಗೆ ಹೌದಂದಿರಬೇಕು."

"ಶಮೀಮಾಗ?"

"ಆಕಿಗೂ ಇಲ್ರಿ."

ರಾಯರು ತಲೆಯಾಡಿಸಿದರು. ಹೊರಗಿನವರು, ಲೆಕ್ಚರರ ಮನೆಯಲ್ಲಿ ಚಾ ಕುಡಿದವರು, ಹೌದೆಂದಿದ್ದರು, ಅದರಲ್ಲಿ ಏನಿದೆ ಎನ್ನುವ ಹಾಗೆ. ಆಮೇಲೆ ಅಂಗಳದ ಕಡೆ ಹೊರಳಿದರು. ಭೀಮಾಬಾಯಿ ಕೆಮ್ಮಿದಳು. ಮೆಣಸಿನಕಾಯಿಯ ಘಾಟು ಒಳಗಿನತನಕ ಬಂದಿತ್ತು. ರಾಯರು ಮುಖ ತಿರುಗಿಸದೆಯೇ ಕೇಳಿದರು.

"ನಮ್ಮ ನರ್ಮದಾಗ?"

ಆ ಕ್ಷಣದಲ್ಲಿ ಅವನಿಗೆ ಎಲ್ಲವೂ ಸ್ಪಷ್ಟವಾಗಿ ಕಂಡಿತು. ಆಕೆಗೆ ಕೇಳಿಸಿದ ಹಾಗೆ ಅನಿಸಿರಬೇಕು ಎನ್ನಬಹುದಿತ್ತು. ನನಗೆ ಗೊತ್ತಿಲ್ಲ, ನಾನು ಕೇಳಿಲ್ಲ ಎನ್ನಬಹುದಿತ್ತು. ಬಾಗಿಲಲ್ಲಿ ನಿಂತಿದ್ದಳು, ಅವಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ ಎನ್ನಬಹುದಿತ್ತು. ಈ ಮನುಷ್ಯ ಬೇಡುತ್ತಿರುವುದು ಅಂಥ ಒಂದು ಸುಳ್ಳನ್ನು ಎಂದು ಅವರ ತಿರುಗಿದ ಕತ್ತೇ ಹೇಳುತ್ತಿತ್ತು. ಆದರೆ ದಿನಕರ ಖರೆ ಹೇಳಲು ಬಂದಿದ್ದ. ಬಂದ ಮೇಲೆ ಅರ್ಧ ಹೇಳುವುದೇನು?

"ಆಕಿಗೂ ಕೇಳಿಸಿರಲಿಲ್ರಿ. ನನ್ನ ಮಾನ ಹೋಗ್ತದಂತ ಕೈ ಎತ್ತಿದ್ದಳಂತ. ತಾನ ಹೇಳಿದಳು."

ಅಂದ ಕೂಡಲೇ ಮೈ ಹಗುರಾಯಿತು. ಎಷ್ಟೋ ದಿನಗಳಿಂದ ಒಬ್ಬನೇ ಹೊತ್ತ ಚೀಲದ ಇನ್ನೊಂದು ತುದಿಗೆ ಯಾರೋ ಕೈ ಕೊಟ್ಟ ಹಾಗೆ. ಅದು ಖರೆ ಹೇಳಿದ್ದರ ಸಮಾಧಾನವೆಂದು ಒಂದು ಗಳಿಗೆ ನಂಬಿದ. ಮರುಗಳಿಗೆಗೆ, ಆ ಕೈ ನರ್ಮದಾಳದೆಂದು ತಿಳಿಯಿತು. ರಾಯರು "ಹಾಂ," ಎಂದರು. ಅಷ್ಟೇ. ಆಮೇಲೆ ಅವರು ಅವನ ಕಡೆ ತಿರುಗಿ, ಅವನು ಮದುವೆಯಾಗಿ ಬಂದ ದಿನಗಳಲ್ಲಿಯೂ ತೋರಿಸದಿದ್ದ ಅಕ್ಕರೆಯಿಂದ, "ನೀವಾಗಿ ಬಂದು ಹೇಳಿದ್ರಿ. ಸಣ್ಣ ಮಾತಲ್ಲ ಅದು. ಚಾ ಕುಡದು ಹೋಗ್ರಿ," ಎಂದರು. ಹೊರಡುವಾಗ ಅಂಗಳದವರೆಗೆ ಬಂದು, ಕಟ್ಟೆಯ ಕಲ್ಲು ಒಡೆದಿದೆ, ನೋಡಿ ಇಳಿಯಿರಿ ಎಂದೂ ಹೇಳಿದರು.

ಮನೆಯಲ್ಲಿ ನರ್ಮದಾ ಬಾಗಿಲಲ್ಲಿಯೇ ನಿಂತಿದ್ದಳು. ರೈಲು ಬಂದು ಹೋದದ್ದು ಅವಳಿಗೆ ಕೇಳಿಸಿರಬೇಕು. "ಅಪ್ಪನ ಕಡೆ ಹೋಗಿದ್ರ್ಯಾ?" ಎಂದಳು. ಹೋಗಿದ್ದೆ, ಎಲ್ಲ ಹೇಳಿದೆ, ಸಿಟ್ಟಾಗಲಿಲ್ಲ, ಚಾ ಕೊಟ್ಟರು ಎಂದ. ಅವಳ ಮುಖ ಎಷ್ಟೋ ತಿಂಗಳ ಮೇಲೆ ಬಿಚ್ಚಿಕೊಂಡಿತು. ಕಾಲಿಗೆ ನೀರು ಕೊಟ್ಟಳು. ಕೊಟ್ಟ ತಂಬಿಗೆಯನ್ನು ಬಿಡದೆ ಹಿಡಿದುಕೊಂಡೇ, "ನನ್ನ ಬಗ್ಗೆ ಏನಾರ ಕೇಳಿದರೇನ್ರಿ?" ಎಂದಳು.

"ಇಲ್ಲ," ಎಂದ ದಿನಕರ. "ಏನೂ ಕೇಳಲಿಲ್ಲ."

ಹಾರ್ಮೋನಿಯಂ ಅಟ್ಟದಿಂದ ಇಳಿಯಿತು. ಗುರುವಾರ ದತ್ತನ ಗುಡಿಯಲ್ಲಿ ರಾಯರು ಕೂತದ್ದನ್ನು ನೋಡಿ ಭಜನೆಯ ಮಂದಿ ಜೈಕಾರ ಹಾಕಿದರು. ಶಮೀಮಾಬಿ ಮತ್ತೆ ಪಾಠಕ್ಕೆ ಹೋಗತೊಡಗಿದಳು. ಅವಳ ದನಿ ಸಂಜೆಯ ಹೊತ್ತು ಓಣಿಯ ಆ ತುದಿಯವರೆಗೆ ಬರುತ್ತಿತ್ತು. ತಪ್ಪಿದಲ್ಲಿ ರಾಯರು ತಡೆದು ತಿದ್ದುವುದೂ ಕೇಳಿಸುತ್ತಿತ್ತು. ದಿನಕರ ಹೆದರಿದ್ದ ಅವಮಾನ ಮಾತ್ರ ಬರಲೇ ಇಲ್ಲ. ಪೇಟೆಯಲ್ಲಿ ಸಿಕ್ಕ ಅಮೋಘಸಿದ್ದಪ್ಪ ಹೊಟ್ಟೆ ಕುಣಿಸಿ ನಕ್ಕು, "ಒಂದ ಇಲಿ ನಮ್ಮನ್ನೆಲ್ಲಾ ಹುಚ್ಚರನ್ನ ಮಾಡಿ ಬಿಡ್ತಲ್ರಿ ಸರ! ನನಗೂ ಅವತ್ತು ಏನೂ ಕೇಳಿರಲಿಲ್ಲ, ನೀವು ಬ್ಯಾಸರಾದೀರಿ ಅಂತ ಹೂಂ ಅಂದೆ," ಎಂದ. ಅವನಿಗೆ ನಾಚಿಕೆಯ ಒಂದು ಎಳೆಯೂ ಇರಲಿಲ್ಲ. "ಹಂಗಾರ ಈಗ ಹೇಳ್ರಿ, ಯಾವದನ್ನ ಪರೀಕ್ಷಾ ಮಾಡಿ ತಗೋಬೇಕು?"

"ಸ್ಪೀಕರನ್ನ," ಎಂದ ದಿನಕರ. "ಉಳಿದವು ಸುಳ್ಳು ಹೇಳಿದ್ರ ಮೀಟರಿನ್ಯಾಗ ಸಿಗತಾವ. ಅದು ಸುಳ್ಳು ಹೇಳಿದ್ರ ಮುಂದ ಕೂತ ಮನಷ್ಯಾರೂ ಹೌದಂತಾರ."

ಅಮೋಘಸಿದ್ದಪ್ಪ ಅದನ್ನೂ ಚೇಷ್ಟೆಯೆಂದೇ ತಿಳಿದು ಮತ್ತೆ ನಕ್ಕ.

ನರ್ಮದಾ ತವರಿಗೆ ಹೋಗಿ ಬಂದವಳು ಮೊದಲ ಸಲ ಏನೂ ಹೇಳಲಿಲ್ಲ. ಎರಡನೆಯ ಸಲ, ಅಪ್ಪ ಹಾರ್ಮೋನಿಯಂ ಮುಂದೆ ಕೂತರೆ ಲೋಕದ ಖಬರೇ ಇರುವುದಿಲ್ಲ ಎಂದು ನಕ್ಕಳು. ಮುಂದಿನ ಅಮಾವಾಸ್ಯೆಗೆ ಅವಳು ಕೆಂಪು ಮೆಣಸಿನಕಾಯಿ ಅರೆದು ರಂಜಕ ಮಾಡಿ ಭರಣಿಗೆ ತುಂಬಿಕೊಂಡು ಹೊರಟಾಗ ದಿನಕರನನ್ನೂ ಬರಹೇಳಿದಳು. ಯಾಕೆ ಎಂದು ಅವನು ಕೇಳಲಿಲ್ಲ. ಅವರು ಹೋದಾಗ ಶಮೀಮಾಬಿ ಪಾಠ ಮುಗಿಸಿ ಚಪ್ಪಲಿ ಮೆಟ್ಟುತ್ತಿದ್ದಳು. ಅಂಗಳ ದಾಟುತ್ತ ಹಿಂದಿರುಗಿ, "ನಾಳಿ ಬರ್ತೀನ್ರಿ ಮಾಸ್ತರ್ರ," ಎಂದು ತನ್ನ ಸಣ್ಣ ದನಿಯಲ್ಲಿ ಅಂದಳು. ಒಳಗಿನಿಂದ ರಾಯರು "ಹೂಂ, ಬಾರವಾ," ಎಂದರು. ನರ್ಮದಾ ಹೊಸ್ತಿಲ ಒಳಗೆ ನಿಂತು, "ಅಪ್ಪಾ, ರಂಜಕ ತಂದೀನಿ," ಎಂದಳು. ರಾಯರು ಹಾರ್ಮೋನಿಯಂನ ಸ್ವರದ ಮನೆಗಳನ್ನು ಬಟ್ಟೆಯಿಂದ ಒಂದೊಂದಾಗಿ ಒರೆಸುತ್ತಿದ್ದರು. ಒರೆಸುತ್ತಲೇ ಇದ್ದರು. "ಅಪ್ಪಾ," ಎಂದಳು. ಬಿಳಿಯ ಮನೆ ಮುಗಿದು ಕಪ್ಪು ಮನೆಗೆ ಬಟ್ಟೆ ಹೋಯಿತು. ಒಳಗಿನಿಂದ ಭೀಮಾಬಾಯಿ, "ಏಕಾ, ಮಗಳು ಕರೀಲಿಕ್ಕೆ ಹತ್ಯಾಳ, ಕಿವಿ ಎಲ್ಲಿ ಇಟ್ಟೀಯೋ?" ಎಂದಳು.

"ಕೇಳಸಲಿಲ್ಲಕ್ಕಾ," ಎಂದರು ರಾಯರು, ಒಳಗಿನ ಕಡೆಗೆ, ಸಾಧಾರಣ ದನಿಯಲ್ಲಿ. ಆದರೂ ತಲೆ ಎತ್ತಲಿಲ್ಲ. ದಿನಕರನಿಗೆ ತಾನು ಸುಮ್ಮನಿರಬೇಕೆಂದು ತಿಳಿಯಿತು. ಸುಮ್ಮನಿರಲು ಆಗಲಿಲ್ಲ. "ಮಾಮಾ," ಎಂದ, ತುಟಿಯೊಳಗೇ ಉಳಿಯುವಷ್ಟು ಮೆಲ್ಲಗೆ. ರಾಯರು ತಕ್ಷಣ ಮುಖವೆತ್ತಿ, "ಬರ್ರಿ ಬರ್ರಿ ದಿನಕರರಾಯರ, ಕೂಡ್ರಿ," ಎಂದು ಪಕ್ಕದ ಚಾಪೆ ತಟ್ಟಿದರು. ನರ್ಮದಾ ಅವರಿಬ್ಬರ ನಡುವೆ ಭರಣಿ ಹಿಡಿದು ನಿಂತಿದ್ದಳು. ಕೊನೆಗೆ ಅದನ್ನು ಕಂಬದ ಬುಡದಲ್ಲಿಟ್ಟು ಭೀಮಾಬಾಯಿಯ ಹತ್ತಿರ ಹೋದಳು.

ಹಿಂದಿರುಗುವ ದಾರಿಯಲ್ಲಿ ಅವಳು ಗುಡಿಯ ಮುಂದೆ ನಿಂತು ಕೈಮುಗಿದಳು, ಕಾಯಿಪಲ್ಯೆ ಕೊಂಡಳು, ಹಸಿಕಡಲೆ ಸಿವುಡಿನ ಚೌಕಾಶಿ ಮಾಡಿದಳು. ಮನೆಗೆ ಬಂದು ಅಡಿಗೆ ಮಾಡಿ, ದಿನಕರನಿಗೆ ಬಡಿಸಿ, ಎದುರಿಗೆ ಮಣೆ ಹಾಕಿಕೊಂಡು ಕೂತ ಮೇಲೆ ಅಪ್ಪನ ಮಾತು ತೆಗೆದಳು.

"ಗಂಡಸರ ದನಿ ದಪ್ಪ ಇರ್ತದ, ಅದಕ್ಕ ಅಪ್ಪಗ ಕೇಳಸ್ತದ. ನನ್ನ ದನಿ ಸಣ್ಣದು. ಸಣ್ಣ ದನಿ ಅವರಿಗೆ ಕೇಳಸೂದಿಲ್ಲ. ಖರೇನ ಕಿವಿ ಹೋಗಿರಬೇಕು. ಹೌದಲ್ರಿ?"

ಅವಳು ಅವನನ್ನೇ ನೋಡುತ್ತಿದ್ದಳು. ಶಮೀಮಾಬಿಯ ದನಿ ಅವಳದಕ್ಕಿಂತ ಸಣ್ಣದು, ಆದರೂ ರಾಯರಿಗೆ ಕೇಳಿಸಿತ್ತು. ಅದು ಅವನಿಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಅವಳು ತನ್ನನ್ನು ಕೇಳುತ್ತಿರುವುದು ಕಿವಿಯ ವಿಷಯವೋ, ಆ ಸಂಜೆ ಮಾವನ ಮನೆಯಲ್ಲಿ ಆಡಿದ ಮಾತಿನ ವಿಷಯವೋ, ಅವನಿಗೆ ತಿಳಿಯಲಿಲ್ಲ. ತಿಳಿದುಕೊಳ್ಳುವ ಧೈರ್ಯವೂ ಆಗಲಿಲ್ಲ.

"ಹೌದು," ಎಂದ. "ಹಂಗ ಇರಬೇಕು."

ನರ್ಮದಾ ಇನ್ನೊಂದು ರೊಟ್ಟಿ ಅವನ ತಾಟಿಗೆ ಹಾಕಿದಳು. ಬೇಡವೆನ್ನಲು ಬಾಯಿ ಬರದೆ ಅವನು ಅದನ್ನೂ ಮುರಿದು ತಿಂದ.